ಎಲ್ಲ ಹೆಚ್ಚಾಗಿದೆ

ಕಿಟ್ವೆ, ಜಾಂಬಿಯಾ
೨೫ ಆಗಸ್ಟ್ ೨೦೨೪, ಶ್ರಾವಣ ಭಾನುವಾರ

ಪ್ರೀತಿಯ ನಾದಿನಿ ತಾಯಕ್ಕನಿಗೆ,

ಸಮುದ್ರದಾಚೆ ಕುಳಿತು ನಿನ್ನ ಅತ್ತಿಗೆ ಉಚ್ಚೆಂಗಮ್ಮ ನಿನ್ನನ್ನು ನೆನೆದು ಬರೆಯುವುದು ಏನೆಂದರೆ, ಮೊದಲು ಗಾಬರಿಯಾಗಬೇಡ. ವಾರಕ್ಕೊಮ್ಮೆ ಫೋನಿನಲ್ಲಿ ಮುಖ ತೋರಿಸಿ ಮಾತಾಡುವವಳು ಈಗೇಕೆ ಕಾಗದ ಹಿಡಿದು ಕೂತಳು ಎಂದುಕೊಳ್ಳುತ್ತೀಯ. ಫೋನು ಮಾಡಿದಾಗಲೆಲ್ಲ ನಿಮ್ಮಣ್ಣ ಪಕ್ಕದಲ್ಲೇ ಕುಳಿತು ಅದರೊಳಗೆ ಮೂಗು ತೂರಿಸಿರುತ್ತಾರೆ. ನಿನ್ನ ಕಡೆ ನೋಡಿದರೆ ಸೊಸೆ, ಮೊಮ್ಮಕ್ಕಳು, ಎದುರುಮನೆಯವರು ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಹಣಕಿ, ಅಲ್ಲಿ ಆನೆ ಐತೇನು, ಸಿಂಹ ಐತೇನು ಎಂದು ಕೇಳುತ್ತಿರುತ್ತಾರೆ. ಅಷ್ಟು ಜನರ ಮುಂದೆ ಹೇಳುವ ಮಾತಲ್ಲ ಇದು.

ಸಂಡೂರಿನ ದುರ್ಗಾ ನಾಳೆ ಬಾಣಂತನಕ್ಕೆ ತವರಿಗೆ ಹೊರಟಿದ್ದಾಳೆ. ಇಲ್ಲಿ ನನ್ನ ಜೊತೆ ನಮ್ಮ ಕಡೆಯ ಕನ್ನಡ ಮಾತಾಡುವವಳು ಅವಳೊಬ್ಬಳೇ. ಅವಳ ಗಂಡ ಹನುಮೇಶ್ ಇಲ್ಲಿಯ ತಾಮ್ರದ ಗಣಿಯಲ್ಲಿ ಇಂಜಿನಿಯರ್, ನಮ್ಮ ಪ್ರಾರ್ಥನಾ ಮಂದಿರದ ಕಮಿಟಿಗೂ ಅವನೇ ಮುಂದಾಳು. ಸಂಜೆ ದುರ್ಗಾ ಬಂದು ಈ ಕಾಗದ ಒಯ್ಯುತ್ತಾಳೆ, ಅವಳ ತಮ್ಮ ಕಂಪ್ಲಿಗೆ ಬಂದು ನಿನ್ನ ಕೈಗೇ ಕೊಡುತ್ತಾನೆ. ಸೊಸೆಯ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು. ಏಳನೇ ಕ್ಲಾಸು ಕಲಿತದ್ದು ಇಂಥ ಕಾಲಕ್ಕಲ್ಲದೆ ಇನ್ಯಾವಾಗ ಬೇಕು?

ನಮ್ಮ ಹೊಳೆಯ ಡ್ಯಾಮಿನ ಗೇಟು ಕೊಚ್ಚಿಹೋದದ್ದನ್ನು ಹನುಮೇಶ್ ತನ್ನ ಫೋನಿನಲ್ಲಿ ತೋರಿಸಿದ. ತುಂಬಿ ನಿಂತ ನೀರು ಯಾರ ಮಾತೂ ಕೇಳದೆ ನುಗ್ಗಿ ಹೋಗುತ್ತಿತ್ತು. ಆಮೇಲೆ ಅಡ್ಡ ಹಲಗೆ ಇಳಿಸಿದರು, ನೀರು ನಿಂತಿತು ಎಂದು ನೀನು ಹೇಳಿದ ಮೇಲೆಯೇ ನನಗೆ ಉಸಿರು ಬಂತು. ನಿಮ್ಮಣ್ಣನಿಗೆ ಮಾತ್ರ ಇನ್ನೂ ಬಂದಿಲ್ಲ. ಗೇಟು ಹೋದದ್ದು ತಲೆಯಲ್ಲಿ ಕೂತಿದೆ, ನೀರು ನಿಂತದ್ದು ಕೂರುತ್ತಿಲ್ಲ. ದಿನವೂ ಎದ್ದವರೇ, ಕಂಪ್ಲಿ ಸೇತುವಿ ಮುಳುಗ್ತೈತಿ, ತಾಯಕ್ಕಗ ಯಾರರ ಹೇಳಿ ಕಳಿಸ್ರಿ ಎನ್ನುತ್ತಾರೆ. ನಾನು ದಿನವೂ, ಹೇಳಿ ಕಳಿಸೀನಿ ಎನ್ನುತ್ತೇನೆ. ಆಗ ಚಹಾ ಕುಡಿಯುತ್ತಾರೆ.

ಅಲ್ಲಿ ದಿನಾ ಏನು ಮಾಡ್ತೀರಿ ಎಂದು ಪ್ರತಿ ಸಲ ಕೇಳುತ್ತೀಯ. ಏನು ಮಾಡುತ್ತೇವೆ? ಊರಿನಲ್ಲಿ ಮಾಡುತ್ತಿದ್ದುದನ್ನೇ. ದೊಡ್ಡ ಅಜ್ಜಾರು ಲಿಂಗೈಕ್ಯರಾಗುವ ಮೊದಲು ನಮ್ಮಿಬ್ಬರನ್ನೂ ಮಠಕ್ಕೆ ಕರೆಸಿ, ಎರಡು ವರ್ಷ ಹೋಗಿ ದಾಸೋಹ ನಡೆಸಿ ಬರ್ರಿ, ಇಲ್ಲಿ ರೊಟ್ಟಿ ಬಡಿದ ಕೈ ಅಲ್ಲೂ ಬಡೀತೈತಿ ಎಂದರಲ್ಲ, ಆವತ್ತು ನೀನೂ ನಮ್ಮ ಜೊತೆ ಇದ್ದೆ. ಮಠದ ದಾಸೋಹದಲ್ಲಿ ನಾನು ರೊಟ್ಟಿ ಬಡಿಯುತ್ತ, ನಿಮ್ಮಣ್ಣ ಸಾಲು ಹಿಡಿದು ಬಡಿಸುತ್ತ ಆಯುಷ್ಯ ಕಳೆದವರು. ಮಕ್ಕಳಿಲ್ಲ ಮರಿಯಿಲ್ಲ. ಗುರು ಬಾಯಿ ಬಿಟ್ಟು ಹೇಳಿದ ಮೇಲೆ ಇನ್ನೇನು? ಕಮಲಾಪುರದ ಮನೆಯ ಕೀಲಿ ನಿನ್ನ ಕೈಗೆ ಹಾಕಿ ವಿಮಾನ ಹತ್ತಿದೆವು. ಬರುವ ದೀಪಾವಳಿಗೆ ಎರಡು ವರ್ಷ ತುಂಬುತ್ತದೆ.

ಇಲ್ಲಿಯ ಮಣ್ಣು ಥೇಟು ಸಂಡೂರಿನ ಮಣ್ಣೇ. ಅಷ್ಟೇ ಕೆಂಪು. ಬೆಳಗ್ಗೆ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದರೆ ಮಧ್ಯಾಹ್ನಕ್ಕೆ ಅದರ ಮೇಲೊಂದು ಕೆಂಪು ಪದರು. ಬಿಳಿ ಪಂಚೆ ಒಗೆದು ಒಣಗಿಸಿದರೆ ಸಂಜೆಗೆ ಕಾವಿಯಾಗಿರುತ್ತದೆ. ಕಾಕಾ ಸನ್ಯಾಸ ತಗೊಂಡ್ರೇನ್ರಿ ಎಂದು ದುರ್ಗಾ ನಗುತ್ತಾಳೆ. ಮಳೆಗಾಲ ಇನ್ನೂ ದೂರ, ಮಾವಿನ ಮರಗಳು ಈಗಲೇ ಹೂ ಬಿಟ್ಟಿವೆ. ಶ್ರಾವಣದಲ್ಲಿ ಮಾವಿನ ಹೂ! ಇಲ್ಲಿಯ ಮರಕ್ಕೂ ನನಗೂ ಪಂಚಾಂಗ ಹೊಂದುವುದಿಲ್ಲ. ಕರೆಂಟಂತೂ ಹಗಲೆಲ್ಲ ಇರುವುದಿಲ್ಲ. ನದಿಯಲ್ಲಿ ನೀರು ಕಡಿಮೆಯಂತೆ. ನಮ್ಮಲ್ಲಿ ನೀರು ಹರಿದು ಹೋಯಿತು, ಇವರಲ್ಲಿ ಬರಲೇ ಇಲ್ಲ.

ಸೋಮವಾರ ಮಂದಿರ ತುಂಬುತ್ತದೆ. ಗಣಿಯ ಸಂಸಾರಗಳು, ಅಂಗಡಿ ಇಟ್ಟಿರುವ ಗುಜರಾತಿಯವರು, ಸುತ್ತಲಿನ ಬಡಾವಣೆಯ ಇಲ್ಲಿಯ ಜನ, ಯಾರು ಬಂದರೂ ಎಲೆ ಹಾಕುತ್ತೇವೆ. ಗೋಧಿ ಹುಗ್ಗಿ, ಅನ್ನ, ಸಾರು. ನಿಮ್ಮಣ್ಣ ಹಣೆ ತುಂಬ ವಿಭೂತಿ ಬಳಿದುಕೊಂಡು ಸಾಲಿನ ನಡುವೆ ಹುಗ್ಗಿ ಬುಟ್ಟಿ ಹಿಡಿದು ನಡೆದರೆ ನಮ್ಮ ಮಠದ ಅಂಗಳವೇ. ಮಂಗಳವಾರದಿಂದ ಭಾನುವಾರದ ತನಕ ನಾವಿಬ್ಬರು, ದೇವರು. ದೇವರು ಮಾತಾಡುವುದಿಲ್ಲ. ನಿಮ್ಮಣ್ಣನೂ ಈಚೆಗೆ ದೇವರ ಪಕ್ಷ ಸೇರಿದ್ದಾರೆ.

ಪಾತ್ರೆ ತೊಳೆಯಲು ಬ್ವಾಲ್ಯಾ ಎಂಬ ಹೆಂಗಸು ಬರುತ್ತಾಳೆ. ನನ್ನದೇ ವಯಸ್ಸು. ಅವಳಿಗೆ ಕನ್ನಡ ಬಾರದು, ನನಗೆ ಅವಳ ಬೆಂಬಾ ಭಾಷೆ ಬಾರದು. ನಾನು ನನ್ನ ಮಂಡಿನೋವು ಹೇಳಿಕೊಳ್ಳುತ್ತೇನೆ, ಅವಳು ಬಹುಶಃ ಸೊಸೆಯನ್ನು ಬೈಯುತ್ತಾಳೆ. ಇಬ್ಬರೂ ಹೂಂಗುಟ್ಟುತ್ತೇವೆ. ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಮೊದಲ ದಿನ ಅವಳು ಎದ್ದು ಕುಣಿದಳು, ಸುಳ್ಳಲ್ಲ. ಅವಳು ಹೋದ ಮೇಲೆ ಉಳಿಯುವ ಹಗಲು ಭಾಳ ಉದ್ದ. ದೇವರ ಪಾತ್ರೆ ಬೆಳಗಿದ್ದನ್ನೇ ಮತ್ತೆ ಬೆಳಗುತ್ತೇನೆ. ಇಲ್ಲಿ ಮಂದಿಗೆ ನಾನು ಆಂಟಿ, ಮಾತಾಜಿ, ಮಮ್ಮಿ. ಏ ಉಚ್ಚೆಂಗಿ ಎಂದು ಕರೆದರೆ ತಿರುಗಿ ನೋಡುವುದನ್ನೇ ಮರೆತುಬಿಡುತ್ತೇನೋ ಏನೋ. ತಾಯಕ್ಕ, ನನಗಿಲ್ಲಿ ತುಂಬ ಒಂಟಿ ಅನ್ನಿಸುತ್ತದೆ. ಇಷ್ಟು ದಿನ ಫೋನಿನಲ್ಲಿ ನಗುತ್ತ ಅಡಗಿಸಿದ್ದೆ, ಈಗ ಬರೆದುಬಿಟ್ಟೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮವ್ವ ಕಲಿಸಿದ ಒಂದು ಮಾತು ನಮ್ಮನ್ನು ಇಲ್ಲಿ ಕಟ್ಟಿಹಾಕಿದೆ.

ನಾನು ಸೊಸೆಯಾಗಿ ಬಂದ ಹೊಸದು ನೆನಪಿದೆಯಾ? ನಿನಗಿನ್ನೂ ಮದುವೆಯಾಗಿರಲಿಲ್ಲ, ನಾವಿಬ್ಬರೂ ಹಗಲೆಲ್ಲ ಅಡುಗೆಮನೆಯಲ್ಲಿ ಕಿಸಿಕಿಸಿ ನಗುತ್ತಿದ್ದೆವು. ಪಾಪಿನಾಯಕನಹಳ್ಳಿಯ ನನ್ನ ತವರಿನಲ್ಲಿ ಮಾತಿಗೆ ಅಷ್ಟೊಂದು ಮಡಿ ಇರಲಿಲ್ಲ. ಅತ್ತೀ, ಉಪ್ಪು ಇಲ್ಲ ಎಂದು ಒಳಗಿನಿಂದ ಕೂಗಿದೆ. ನಿಮ್ಮವ್ವ ಓಡಿಬಂದು ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದರು. ಇಲ್ಲ ಅನಬ್ಯಾಡ ತಂಗಿ, ಮನ್ಯಾಗ ಲಕ್ಷ್ಮಿ ಕೇಳ್ತಿರ್ತಾಳ, ಉಪ್ಪು ಹೆಚ್ಚಾಗೈತಿ ಅನ್ನು ಎಂದರು. ನೀನು ಕಂಬದ ಹಿಂದೆ ನಿಂತು ನಗುತ್ತಿದ್ದೆ. ಆವತ್ತಿನಿಂದ ಮುಗಿದದ್ದೆಲ್ಲ ನನ್ನ ಬಾಯಲ್ಲಿ ಹೆಚ್ಚಾಯಿತು. ಎಣ್ಣೆ ಮುಗಿದರೆ ಹೆಚ್ಚಾಯಿತು, ಅರಿಶಿನ ಮುಗಿದರೆ ಹೆಚ್ಚಾಯಿತು, ಬಳೆ ಒಡೆದರೆ ಹೆಚ್ಚಾಯಿತು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎಂದೆವು. ನೀನು ಮದುವೆಯಾಗಿ ಕಂಪ್ಲಿಗೆ ಹೊರಟ ದಿನ ನಿಮ್ಮವ್ವ ಹೊಸ್ತಿಲ ಮೇಲೆ ಕುಳಿತು, ಮನ್ಯಾಗ ಮಗಳು ಹೆಚ್ಚಾದ್ಲು ಎಂದು ಅತ್ತರು. ಮನುಷ್ಯರಿಗೆ ಆ ಮಾತನ್ನು ಯಾರೂ ಹಚ್ಚುವುದಿಲ್ಲ. ಅದು ನಿಮ್ಮವ್ವ ಆ ಹೊತ್ತಿಗೆ ಕಟ್ಟಿದ್ದು.

ಆ ರೂಢಿ ಸಮುದ್ರ ದಾಟಿದರೂ ಬಿಡಲಿಲ್ಲ. ಬಂದ ಹೊಸದರಲ್ಲಿ ಹನುಮೇಶ್ ಬಂದು, ಅಡುಗೆಗೆ ಸಾಮಾನು ಏನಾದರೂ ಬೇಕಾ ಎಂದು ಕೇಳಿದ. ಅಕ್ಕಿ ಹೆಚ್ಚಾಗೈತಪ್ಪ ಎಂದೆ. ಪಾಪ, ಅವನು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗ. ಬಹಳ ಸಂತೋಷ ಎಂದು ತಳದಲ್ಲಿ ಉಳಿದಿದ್ದ ಅಷ್ಟು ಅಕ್ಕಿಯನ್ನೂ ಕಾರಿಗೆ ಹಾಕಿಕೊಂಡು ಯಾವುದೋ ಅನಾಥಾಶ್ರಮಕ್ಕೆ ಕೊಟ್ಟುಬಂದ. ಸೋಮವಾರ ಹೊತ್ತಿಗೆ ಡಬ್ಬಿಯಲ್ಲಿ ಒಂದು ಕಾಳಿಲ್ಲ. ಬ್ವಾಲ್ಯಾ ಮನೆಗೆ ಓಡಿ ಮೆಕ್ಕೆಜೋಳದ ಹಿಟ್ಟು ತಂದಳು, ಇಬ್ಬರೂ ಸೇರಿ ಮುದ್ದೆ ತಿರುವಿದೆವು. ಅವಳು ಅದನ್ನು ಎನ್ಶಿಮಾ ಎಂದಳು, ನಾನು ಪ್ರಸಾದ ಎಂದೆ. ಜನ ಬೆರಳು ನೆಕ್ಕಿಕೊಂಡು ಉಂಡರು. ಆ ನಗುವಿನಲ್ಲಿ ಅಕ್ಕಿ ಏನಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಇವತ್ತು ಈ ಕಾಗದ ಬೇಕಾಗುತ್ತಿರಲಿಲ್ಲ.

ಕಾರಹುಣ್ಣಿಮೆಯ ದಿನ ಮಠದಿಂದ ಹೊಸ ಸ್ವಾಮಿಗಳು ವಿಡಿಯೋದಲ್ಲಿ ದರ್ಶನ ಕೊಟ್ಟರು. ನೋಡಿದರೆ ಮೀಸೆ ಈಗಷ್ಟೇ ಚಿಗುರಿದಂತಿದೆ, ಆದರೂ ಅಜ್ಜಾರ ಎನ್ನಬೇಕು. ಗೋಡೆ ಮೇಲೆ ದೊಡ್ಡದಾಗಿ ಅವರ ಮುಖ. ಕೆ‌ಳಗೆ ಕಮಿಟಿಯವರೆಲ್ಲ ಕೈಮುಗಿದು ಕೂತಿದ್ದರು. ನಿಮ್ಮಣ್ಣ ಒಗೆದ ಪಂಚೆ ಉಟ್ಟು ಎಲ್ಲರಿಗಿಂತ ಮುಂದೆ. ಸ್ವಾಮಿಗಳು ಒಳ್ಳೆಯವರು. ಕಾಶಿಯಲ್ಲಿ ಓದಿದವರು, ಮಾತು ಮೃದು. ನಿಮ್ಮ ಅವಧಿ ದೀಪಾವಳಿಗೆ ಮುಗಿಯುತ್ತದೆ, ಅಲ್ಲಿ ಎಲ್ಲ ಹೇಗಿದೆ ತಾಯಿ, ಏನಾದರೂ ಕೊರತೆ ಇದೆಯೇ ಎಂದು ಕೇಳಿದರು.

ಕೊರತೆ! ಆ ಶಬ್ದ ಅವರ ಬಾಯಿಂದ ಬಂದದ್ದೇ ನನಗೆ ನಿಮ್ಮವ್ವನ ಹಿಟ್ಟಿನ ಕೈ ಬಾಯಿಗೆ ಅಡ್ಡ ಬಂದಂತಾಯಿತು. ದೇವರ ಮುಂದೆ ದೀಪ ಉರಿಯುತ್ತಿದೆ, ಎದುರಿಗೆ ಗುರು, ಪಕ್ಕದಲ್ಲಿ ಗಂಡ. ನನ್ನ ಶಕ್ತಿ ಮುಗಿದಿದೆ, ಇವರ ನೆನಪು ಮುಗಿಯುತ್ತಿದೆ, ನಮ್ಮನ್ನು ಊರಿಗೆ ಕರೆಸಿಕೊಳ್ಳಿ ಎನ್ನಬೇಕಿತ್ತು. ಗಂಟಲಿನ ತನಕ ಬಂದಿತ್ತು. ಬಾಯಿ ಬಿಟ್ಟರೆ ಹೊರಗೆ ಬಿದ್ದದ್ದು, ಎಲ್ಲಾ ಹೆಚ್ಚಾಗೈತ್ರಿ ಅಜ್ಜಾರ.

ಸ್ವಾಮಿಗಳ ಮುಖ ಬೆಳಗಿತು. ಕೇಳಿದಿರಾ, ಎಲ್ಲ ಹೆಚ್ಚಾಗಿದೆಯಂತೆ, ದೊಡ್ಡ ಗುರುಗಳ ಸಂಕಲ್ಪ ಫಲಿಸಿತು, ಇನ್ನೂ ಎರಡು ವರ್ಷ ಸೇವೆ ಮುಂದುವರಿಯಲಿ ಎಂದರು. ಕಮಿಟಿಯವರೆಲ್ಲ ಚಪ್ಪಾಳೆ ತಟ್ಟಿದರು. ನಿಮ್ಮಣ್ಣನೂ ತಟ್ಟಿದರು. ನಾನು ಕೈಮುಗಿದದ್ದು ಮುಗಿದಂತೆಯೇ ಕುಳಿತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರದೇನು ತಪ್ಪಿದೆ? ಎಳೆ ವಯಸ್ಸಿಗೇ ಮಠ ಸೇರಿದವರಿಗೆ ಅಡುಗೆಮನೆಯ ಹೆಂಗಸರ ಮಾತು ಯಾರು ಕಲಿಸಬೇಕು? ದೊಡ್ಡ ಅಜ್ಜಾರು ಇದ್ದಿದ್ದರೆ ನಕ್ಕು, ಏನು ಹೆಚ್ಚಾಗೈತಿ ಬಿಡಿಸಿ ಹೇಳವ್ವ ಎನ್ನುತ್ತಿದ್ದರು.

ನೆನಪು ಮುಗಿಯುತ್ತಿದೆ ಎಂದು ಬರೆದೆನಲ್ಲ, ನೀನು ಅಲ್ಲೇ ಓದುವುದು ನಿಲ್ಲಿಸಿರುತ್ತೀಯ. ಹೌದು ತಾಯಕ್ಕ. ಆರಾಮ, ಆರಾಮ ಎಂದು ಪ್ರತಿ ವಾರ ನಿನಗೆ ಹೇಳಿದೆ. ನಿಮ್ಮಣ್ಣನ ಮೈ ಆರಾಮವಾಗಿಯೇ ಇದೆ. ಹೊಲದಲ್ಲಿ ದುಡಿದ ಮೈ, ಜ್ವರ ಕೂಡ ಬರುವುದಿಲ್ಲ. ಮೊದಮೊದಲು ಕನ್ನಡಕ ಎಲ್ಲಿಟ್ಟೆ, ಚಪ್ಪಲಿ ಎಲ್ಲಿ ಬಿಟ್ಟೆ ಎನ್ನುತ್ತಿದ್ದರು. ಅರವತ್ತಕ್ಕೆ ಅರಳುಮರಳು ಎಂದು ನಾನೇ ರೇಗಿಸಿ ನಕ್ಕೆ. ಈ ಶ್ರಾವಣದ ಮೊದಲ ಸೋಮವಾರ ಮಂಗಳಾರತಿ ಮುಗಿಸಿದರು, ಎಲ್ಲರೂ ಆರತಿ ತೆಗೆದುಕೊಂಡರು. ಇವರು ಮತ್ತೆ ಕರ್ಪೂರ ಹಚ್ಚಿ ಮೊದಲಿನಿಂದ ಹಾಡತೊಡಗಿದರು. ಜನ ಮತ್ತೆ ಕೈಮುಗಿದು ನಿಂತರು. ಅದು ಮುಗಿಯಿತು, ಮತ್ತೆ ಹಚ್ಚಿದರು. ಒಂದು ಚಿಕ್ಕ ಕೂಸು ಹಸಿವಿಗೆ ಅಳಲು ಶುರುಮಾಡಿತು. ಕೊನೆಗೆ ಹನುಮೇಶ್ ಮುಂದೆ ಬಂದು ಅವರ ಕೈಯಿಂದ ತಟ್ಟೆ ಮೆಲ್ಲಗೆ ಇಸಿದುಕೊಂಡು, ಸಾಕ್ರಿ ಕಾಕಾ ಎಂದ. ಇವರು ನನ್ನ ಕಡೆ ನೋಡಿದರು. ಆ ನೋಟ ನಿನಗೆ ಹೇಗೆ ಹೇಳಲಿ? ತಾನೇನು ತಪ್ಪು ಮಾಡಿದೆ ಎಂದು ಗೊತ್ತಿಲ್ಲದವರ ನೋಟ.

ದುರ್ಗಾ ನಮ್ಮನ್ನು ಒಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಅವರು ಹೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು. ಇದು ಹೀಗೇ ಇಳಿಯುತ್ತ ಹೋಗುವ ಕಾಯಿಲೆಯಂತೆ. ಹಳೆಯದು ಇನ್ನೂ ಕೆಲ ಕಾಲ ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ. ಪರಿಚಯದ ಜಾಗ, ಪರಿಚಯದ ಮುಖಗಳ ನಡುವೆ ಇರಿಸಿ, ತಡಮಾಡಬೇಡಿ ಎಂದರಂತೆ. ಹೇಳುತ್ತ ಹೇಳುತ್ತ ದುರ್ಗಾ ಕಾರಿನಲ್ಲೇ ಅತ್ತಳು. ಬಸುರಿ ಹುಡುಗಿ ಅಳಬಾರದು ಎಂದು ನಾನು ಅವಳನ್ನು ಸಮಾಧಾನ ಮಾಡಿದೆ. ನಿಮ್ಮಣ್ಣ ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯಿಂದ ನೋಡುತ್ತ, ಸಂಡೂರು ಭಾಳ ಬೆಳದೈತ್ರಿ ಎನ್ನುತ್ತಿದ್ದರು.

ಬೆಳಗಾದರೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಮಂದಿರದ ಗೇಟಿನ ಹೊರಗೆ ಹೋಗಿ ನಿಲ್ಲುತ್ತಾರೆ. ಏನು ಎಂದರೆ, ಕಂಪ್ಲಿ ಬಸ್ಸು ಬರೂ ಹೊತ್ತಾತು ಎನ್ನುತ್ತಾರೆ. ಈ ರಸ್ತೆಯಲ್ಲಿ ಪೇಟೆಗೆ ಹೋಗುವ ನೀಲಿ ವ್ಯಾನುಗಳು ಓಡಾಡುತ್ತವೆ. ನಿಂತ ವ್ಯಾನಿನ ಕಿಟಕಿಯಲ್ಲಿ ಹಣಕಿ ಒಳಗೆ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಾರೆ, ಕೈ ಅಲ್ಲಾಡಿಸುತ್ತಾರೆ, ವ್ಯಾನು ಹೋಗುತ್ತದೆ. ಇವರು ಹತ್ತುವುದೂ ಇಲ್ಲ. ಕೈಯಲ್ಲಿ ಒಂದು ಚೀಲವೂ ಇರುವುದಿಲ್ಲ. ಇದ್ಯಾವ ಸೀಮೆಯ ಪ್ರಯಾಣವೋ! ನಿನ್ನ ಮನೆಗೆ ಬರುವ ಹಂಬಲ ಅವರಿಗೆ. ಬಿಸಿಲೇರುವ ತನಕ ನಿಂತು ಒಳಗೆ ಬರುತ್ತಾರೆ. ನಾನು ಕುಡಿಯಲು ನೀರು ಕೊಡುತ್ತೇನೆ.

ಒಂದು ತಮಾಷೆ ಹೇಳಲೇ? ನಿಮ್ಮಣ್ಣ ಈಗ ನನಗೆ ಮರ್ಯಾದೆ ಕೊಡುತ್ತಾರೆ! ಮದುವೆಯಾದ ದಿನದಿಂದ ಲೇ ಎಂದೇ ಕರೆದವರು, ಈಗ ರೀ ಹಚ್ಚುತ್ತಾರೆ. ನೀರು ಕೊಡ್ರಿ, ಊಟ ಭಾಳ ಚಲೋ ಆಗೈತ್ರಿ, ನಿಮಗ ತ್ರಾಸು ಆತೇನ್ರಿ. ಉಂಡ ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕುತ್ತಾರೆ. ನಿಮ್ಮಪ್ಪನ ವಂಶದಲ್ಲಿ ಇಂಥದ್ದು ಎಂದಾದರೂ ಕಂಡಿದ್ದೆಯಾ? ಪರದೇಶದ ನೀರು ಕುಡಿದು ಗಂಡಸಿಗೆ ಬುದ್ಧಿ ಬಂತು ಎಂದು ನಾನು ದುರ್ಗಾಗೆ ಹೇಳಿದೆ. ಅವಳು ಯಾಕೋ ನಗಲಿಲ್ಲ. ಹೋದ ತಿಂಗಳಿನಿಂದ ಹಾಸಿಗೆಯನ್ನೂ ಪಡಸಾಲೆಗೆ ಒಯ್ದಿದ್ದಾರೆ. ಒಳಗ ಸೆಕಿ, ನಾ ಹೊರಗ ಮಲಕ್ಕೊಂತೀನ್ರಿ, ನೀವು ಕದಾ ಹಾಕ್ಕೊಳ್ರಿ ಎಂದರು. ಇಲ್ಲಿ ಆಗ ಕಂಬಳಿ ಹೊದೆಯುವ ಚಳಿ. ವಯಸ್ಸಾದವರಿಗೆ ಒಂದೊಂದು ಹೊತ್ತಿಗೆ ಒಂದೊಂದು, ನಾನೂ ಎದುರು ಮಾತಾಡಲಿಲ್ಲ. ಆದರೆ ಆ ರೀ ಒಂದು ನನಗೆ ಹಿಡಿಸುವುದಿಲ್ಲ, ತಾಯಕ್ಕ. ಒಮ್ಮೆ ಬೈಯಲಿ ಎಂದು ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಸುಮ್ಮನೆ ಉಂಡು ಕೈ ತೊಳೆದರು.

ನನ್ನನ್ನು ಮಾತ್ರ ಮರೆತಿಲ್ಲ, ಅದೊಂದು ಸಮಾಧಾನ. ದಿನಕ್ಕೊಮ್ಮೆಯಾದರೂ ನನ್ನ ಹೆಸರು ಹಿಡಿದು, ಉಚ್ಚೆಂಗಿ ಎಲ್ಲಿ ಎಂದು ಕೇಳುತ್ತಾರೆ. ಇಲ್ಲೇ ಅದೀನಲ್ಲ ಎನ್ನುತ್ತೇನೆ. ನನ್ನ ಮುಖ ನೋಡಿ ಮತ್ತೆ ಗೇಟಿನ ಕಡೆ ತಿರುಗುತ್ತಾರೆ. ಹೆಸರು ನೆನಪಿದೆಯೆಂದರೆ ಎಲ್ಲ ಇದ್ದಂತೆ ಅಲ್ಲವೇ?

ಹೊಳೆಯೂ ನೆನಪಿದೆ. ಹುಡುಗರಾಗಿದ್ದಾಗ ಕಮಲಾಪುರದಿಂದ ಹಂಪಿಗೆ ನಡೆದು ಹೋಗಿ ಬಂಡೆಯ ಮೇಲಿನಿಂದ ಹೊಳೆಗೆ ಹಾರಿದ್ದು, ಹರಿಗೋಲಿನವನು ಹುಟ್ಟು ಎತ್ತಿಕೊಂಡು ಅಟ್ಟಿಸಿಕೊಂಡು ಬಂದದ್ದು, ನೀನು ದಡದಲ್ಲಿ ಅಣ್ಣನ ಅಂಗಿ ಹಿಡಿದು ಅಳುತ್ತ ನಿಂತದ್ದು, ಎಲ್ಲ ಹೇಳುತ್ತಾರೆ. ಆ ಕಥೆ ಹೇಳುವಾಗ ಅವರು ಮೊದಲಿನ ಹಾಗೆಯೇ. ಅದಕ್ಕೇ ನನಗೆ ಅವಸರ. ಹೊಳೆ ನೆನಪಿರುವಾಗಲೇ ಅವರನ್ನು ಹೊಳೆಯ ದಂಡೆಗೆ ತಂದು ಕೂರಿಸಬೇಕು. ಇನ್ನೆರಡು ವರ್ಷ ಇಲ್ಲಿದ್ದು ಆಮೇಲೆ ಬಂದರೆ ಏನು ಬಂತು? ಕಮಲಾಪುರದ ನಮ್ಮ ಜಗಲಿಯ ಮೇಲೆ ಕುಳಿತೂ ಕಂಪ್ಲಿ ಬಸ್ಸು ಯಾವಾಗ ಬರುತ್ತದೆ, ಊರಿಗೆ ಯಾವಾಗ ಹೋಗೋಣ ಎಂದರೆ, ಆಗ ನಾನು ಅವರನ್ನು ಯಾವ ಊರಿಗೆ ಕರೆದುಕೊಂಡು ಹೋಗಲಿ?

ಟಿಕೆಟು ತೆಗೆಸಿಕೊಂಡು ಎದ್ದು ಬರಬಾರದೇ ಎನ್ನುತ್ತೀಯ. ಹನುಮೇಶನ ಮುಂದೆ ಬಾಯಿ ಬಿಟ್ಟಿದ್ದೇನೆ, ಅವನು ಇವತ್ತು ಬೇಕಾದರೂ ಕಳಿಸಲು ತಯಾರು. ಹೊರಡದವರು ನಿಮ್ಮಣ್ಣ. ಊರಿಗೆ ಹೋಗೋಣ ಎಂದರೆ ಮುಖ ಗಂಟಿಕ್ಕುತ್ತಾರೆ. ಗುರು ಕಳಿಸ್ಯಾರ, ಗುರು ಕರೀಲಾರದ ಹೊಸ್ತಿಲಾ ದಾಟಬಾರದ್ರಿ ಎನ್ನುತ್ತಾರೆ. ಎಲ್ಲ ಬಿಟ್ಟರೂ ಆ ಒಂದು ಮಾತನ್ನು ಬಿಗಿಯಾಗಿ ಹಿಡಿದಿದ್ದಾರೆ. ಕೈ ಹಿಡಿದು ಎಳೆದುಕೊಂಡು ಬರಲು ಅವರೇನು ಕರುವೇ? ಹಿಂದಿನ ವಾರ ಕಾರು ಹತ್ತಿಸಲು ನೋಡಿದೆವು. ಗೇಟಿನ ಸರಳು ಹಿಡಿದುಕೊಂಡು ಬಿಡಲೇ ಇಲ್ಲ. ಬಿಡಿಸಲು ಹೋದ ಹನುಮೇಶನೇ ಕಣ್ಣೊರೆಸಿಕೊಂಡು ಹಿಂದೆ ಸರಿದ.

ಆದ್ದರಿಂದ ನೀನು ಮಠಕ್ಕೆ ಹೋಗು. ಇದು ಫೋನಿನಲ್ಲಿ ಹೇಳಿಸುವ ಮಾತಲ್ಲ, ಮನೆಯವರೇ ಗುರುವಿನ ಎದುರು ಕೂತು ಹೇಳಬೇಕು. ಸೋಮವಾರ ಬೇಡ, ಜನಜಂಗುಳಿ. ದಾಸೋಹದ ಶಾಂತಕ್ಕನನ್ನು ಕೇಳಿದರೆ ಒಳಗೆ ಬಿಡಿಸುತ್ತಾಳೆ, ನನ್ನ ಜೊತೆ ರೊಟ್ಟಿ ಬಡಿದವಳು. ಸ್ವಾಮಿಗಳ ಪಾದಕ್ಕೆ ಬಿದ್ದು ಹೇಳು, ನಮ್ಮ ಅತ್ತಿಗೆಯ ಬಾಯಲ್ಲಿ ಹೆಚ್ಚಾಗಿದೆ ಎಂದರೆ ಮುಗಿದಿದೆ ಎಂದು ಅರ್ಥ. ನಿಮ್ಮವ್ವನ ಹೆಸರು ಹೇಳು, ಉಪ್ಪಿನ ಕಥೆ ಹೇಳು, ನಗಲಿ ಪರವಾಗಿಲ್ಲ. ಆಮೇಲೆ ನಾನು ಹೇಳಲಾರದ ಶಬ್ದವನ್ನು ನನ್ನ ಪರವಾಗಿ ನೀನು ಹೇಳು. ಅವರಲ್ಲಿ ಇನ್ನು ಶಕ್ತಿ ಇಲ್ಲ, ನೆನಪು ಇಲ್ಲ, ಯಾರೂ ಇಲ್ಲ. ಸ್ವಾಮಿಗಳು ಒಮ್ಮೆ ಆ ಗೋಡೆಯ ಮೇಲೆ ಕಾಣಿಸಿಕೊಂಡು, ಬರ್ರಿ ಎಂದು ನಿಮ್ಮಣ್ಣನನ್ನು ಕರೆದರೆ ಸಾಕು. ನಾನು ಆ ಕ್ಷಣವೇ ಗಂಟು ಕಟ್ಟುತ್ತೇನೆ. ಕಮಲಾಪುರದ ಮನೆಯ ಕಿಟಕಿಗಳನ್ನು ಒಮ್ಮೆ ತೆರೆದು ಗಾಳಿಯಾಡಿಸಿ ಇಡು. ಅವರು ಕೂರುವ ಮಂಚ ಎಲ್ಲಿತ್ತೋ ಅಲ್ಲೇ ಇರಲಿ, ಒಂದು ಗೇಣೂ ಸರಿಸಬೇಡ.

ನಾಳೆ ಶ್ರಾವಣ ಸೋಮವಾರ. ಗೋಧಿ ನೆನೆಸಬೇಕು. ದುರ್ಗಾ ಹೋದ ಮೇಲೆ ನಮ್ಮ ಕಡೆಯ ಕನ್ನಡದಲ್ಲಿ ಹಗಲೆಲ್ಲ ನನ್ನ ಜೊತೆ ಮಾತಾಡುವವರು ನಿಮ್ಮಣ್ಣ ಮಾತ್ರ, ಅವರೂ ರೀ ಹಚ್ಚಿ. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ನನ್ನದೊಂದು ಶರಣು ಹೇಳು, ಮೊಮ್ಮಕ್ಕಳಿಗೆ ಇಲ್ಲಿ ಸಿಂಹವಿಲ್ಲ, ಬರೀ ನಾಯಿ ಎಂದು ಹೇಳು.

ನಿನ್ನ ದಾರಿ ಕಾಯುವ,
ಉಚ್ಚೆಂಗಿ

ಮತ್ತೆ ಬರೆದದ್ದು: ಕಾಗದ ಮಡಚುತ್ತಿದ್ದೆ, ನಿಮ್ಮಣ್ಣ ಬಂದು ಯಾರಿಗ್ರಿ ಎಂದರು. ಕಂಪ್ಲಿ ತಾಯಕ್ಕನಿಗೆ ಎಂದೆ. ಮುಖ ಅರಳಿತು. ನಾನೂ ಎರಡು ಸಾಲು ಬರೀತೀನ್ರಿ, ಗೇಟಿನ ಸುದ್ದಿ ಹೇಳಬೇಕು ಎಂದರು. ಕೆಳಗೆ ಜಾಗ ಬಿಟ್ಟು ಕೊಡುತ್ತಿದ್ದೇನೆ. ಬರೆಯುವಾಗ ಶಾಲೆ ಹುಡುಗರಂತೆ ಎಡಗೈ ಅಡ್ಡ ಇಟ್ಟುಕೊಳ್ಳುವ ಅಭ್ಯಾಸ ಅವರದು, ನಿನಗೆ ಗೊತ್ತಲ್ಲ. ಅಣ್ಣ ತಂಗಿಯ ಮಾತು, ನಾನು ಓದುವುದಿಲ್ಲ. ದುರ್ಗಾಳ ಕಾರು ಬಂದು ನಿಂತಿದೆ, ಅವರು ಬರೆದ ಕೂಡಲೇ ಹಾಗೆಯೇ ಅಂಟಿಸಿ ಕೊಡುತ್ತೇನೆ.

ಚಿರಂಜೀವಿ ತಂಗಿ ತಾಯಕ್ಕಗ ಅಣ್ಣನ ಆಶೀರ್ವಾದ. ಡ್ಯಾಮಿನ ಗೇಟು ಹೋಗೈತಿ. ಹೊಳಿ ಕಡಿ ಹೋಗಬ್ಯಾಡ, ಮಕ್ಕಳನ್ನೂ ಬಿಡಬ್ಯಾಡ. ನಾನು ಆರಾಮ ಅದೀನಿ. ಇಲ್ಲಿ ದಾಸೋಹದಾಗ ಅಡಿಗಿ ಮಾಡೋ ಅಮ್ಮಾರು ಭಾಳ ಒಳ್ಳೆಯವರು. ಕೈರುಚಿ ಥೇಟು ನಮ್ಮ ಉಚ್ಚೆಂಗಿದಂಗ ಐತಿ. ಪಾಪ, ಅವರಿಗೂ ಇಲ್ಲಿ ಯಾರೂ ಇದ್ದಂಗ ಕಾಣಂಗಿಲ್ಲ. ಉಚ್ಚೆಂಗಿ ನಿಮ್ಮ ಮನಿಗೆ ಬಂದಾಕಿ ಇನ್ನೂ ತಿರುಗಿ ಬಂದಿಲ್ಲ. ನೀರು ಏರೂದ್ರಾಗ ಜಲ್ದಿ ಬಸ್ಸು ಹತ್ತಿಸು. ದಿನಾ ಮುಂಜಾನಿ ಕಂಪ್ಲಿ ಬಸ್ಸಿನ್ಯಾಗ ಹಣಕಿ ನೋಡ್ತೀನಿ, ಬರವಲ್ಲಳು. ಆಕಿ ನೆನಪು ಭಾಳ ಹೆಚ್ಚಾಗೈತಿ.

ಎರ್ರಿಯಪ್ಪ